ಚುಕ್ಕಿ ತೆಗೆದ ರಿಪೋರ್ಟು

ಫೋನು ಮತ್ತೆ ಗುರುಗುಟ್ಟಿತು. ಪಂಪಾಪತಿ ಅದನ್ನು ಬೇಕೆಂದೇ ಮೇಜಿನ ಮೇಲೆ ಬೋರಲು ಇಟ್ಟಿದ್ದ. ಬೋರಲು ಬಿದ್ದಲ್ಲೇ ಅದು ನಡುಗುತ್ತ, ರಕ್ತದ ಟ್ಯೂಬುಗಳ ಸ್ಟ್ಯಾಂಡಿನ ಕಡೆ ಒಂದು ಬೆರಳಿನಷ್ಟು ಸರಿಯಿತು. ತಿರುಗಿಸಿ ನೋಡುವ ಅಗತ್ಯವಿರಲಿಲ್ಲ, ನೇತ್ರಾವತಿಯೇ. ನಿನ್ನೆಯೂ ಎರಡು ಸಲ ಮಾಡಿದ್ದಳು. ಕೈಯಲ್ಲಿ ಗ್ಲೌಸ್ ಇದೆ, ಹೇಗೆ ಎತ್ತಲಿ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡು ಸುಮ್ಮನಾಗಿದ್ದ. ಇವತ್ತು ಕೈಯಲ್ಲಿ ಗ್ಲೌಸೂ ಇರಲಿಲ್ಲ, ನೆವವೂ ಇರಲಿಲ್ಲ. ಶನಿವಾರ, ಬೆಳಗಿನ ಎಂಟೂವರೆ. ಗಂಗಾವತಿಯ ಆ ಗಲ್ಲಿಯಲ್ಲಿ ಭತ್ತದ ಲಾರಿಯೊಂದು ಹಿಂದಕ್ಕೆ ಸರಿಯಲಾರದೆ ಒದರಿಕೊಳ್ಳುತ್ತಿತ್ತು. ಲ್ಯಾಬಿನ ಬೆಂಚಿನ ಮೇಲೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಪರೀಕ್ಷೆಗೆ ಬಂದ ಮೂವರು, ಎದುರು ಅಂಗಡಿಯ ಮಿರ್ಚಿಯ ವಾಸನೆಗೆ ಸಿಟ್ಟಾಗಿ, ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ನೆಲ ಒರೆಸಿರಲಿಲ್ಲ. ನೆಲ ಒರೆಸುವ ಕನಕಮ್ಮ ಮೊನ್ನೆಯಿಂದ ಬಂದಿರಲಿಲ್ಲ, ಮತ್ತು ಯಾಕೆ ಬಂದಿಲ್ಲ ಎಂದು ಹೇಳಲಿಕ್ಕೇ ಅವಳ ಮಗಳು ಹೀಗೆ ಬಿಡದೆ ಫೋನು ಮಾಡುತ್ತಿದ್ದಳು. ಬೆಂಚಿನ ಮುದುಕನೊಬ್ಬ, "ಎತ್ತರಿ ಮಾರಾಯಾ, ಯಾರಿಗೋ ಏನೋ ಆಗಿರತೈತಿ," ಎಂದ. ಪಂಪಾಪತಿ ಎತ್ತಿದ.

"ಅಣ್ಣಾರ, ಅವ್ವಗ ಜ್ವರ ಇಳೀವಲ್ದರಿ. ಕೈ ಮೊಣಕೈತನ ಬಾತೈತಿ. ನಸುಕಿನ್ಯಾಗಿಂದ ಏನೇನೋ ಒದರಾಕತ್ತಾಳ. ದವಾಖಾನಿಗೆ ನಡಿ ಅಂದ್ರ ಒಲ್ಲೆ ಅಂತಾಳ. ಪಂಪಣ್ಣ ರಗತ ನೋಡ್ಯಾನ, ಏನೂ ಇಲ್ಲಂದಾನ, ಸುಮ್ನ ನನ್ನ ಯಾಕ ಹೊತಗೊಂಡು ತಿರಗತೀರಿ ಅಂತ ಬೈತಾಳ. ನೀವರ ಒಂದ್ ಮಾತು ಹೇಳ್ರಿ ಆಕಿಗೆ. ನಿಮ್ಮ ಮಾತು ಬಿಟ್ರ ಯಾರ ಮಾತೂ ಕೇಳವಲ್ಲಳು."

"ಹೇಳ್ತೀನವಾ. ಈಗ ಪೇಶಂಟ್ ಅದಾರ. ಆಮ್ಯಾಲ ಮಾಡ್ತೀನಿ," ಎಂದು ಪಂಪಾಪತಿ ಫೋನು ಇಟ್ಟುಬಿಟ್ಟ. ಪೇಶಂಟ್ ಅದಾರ! ಸಕ್ಕರೆ ಪರೀಕ್ಷೆಯ ಮೂರು ಜನ. ಮುದುಕನ ತೋಳಿಗೆ ರಬ್ಬರು ಕಟ್ಟಿ ಸೂಜಿ ಚುಚ್ಚಿದರೆ ರಕ್ತ ಬರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವನ ಸೂಜಿ ತಪ್ಪಿದ್ದು ಕಡಿಮೆ. ಎರಡನೆಯ ಸಲವೂ ತಪ್ಪಿತು. "ಎಲ್ಲಿ ಐತಿ ಚಿತ್ತ?" ಎಂದು ಮುದುಕ ಬೈದ. "ನಿನ್ನ ಕೈ ಹಗುರ ಐತಪ್ಪ, ಇರಿವಿ ಕಡದಂಗಾತು," ಎಂದಿದ್ದಳು ಕನಕಮ್ಮ ಬುಧವಾರ ಸಂಜೆ, ಎಡಗೈ ಚಾಚಿಕೊಂಡು, ಇದೇ ಬೆಂಚಿನ ತುದಿಯಲ್ಲಿ ಅರ್ಧ ಕುಂಡಿ ಊರಿ. ಐದು ವರ್ಷ ದಿನಕ್ಕೆರಡು ಬಾರಿ ಆ ಬೆಂಚನ್ನು ಒರೆಸಿದವಳು ಅವತ್ತೇ ಮೊದಲ ಸಲ ಅದರ ಮೇಲೆ ಕೂತದ್ದು. ಬಲಗೈಗೆ ಅರಿಶಿನ ಮೆತ್ತಿ ಹಳೆಯ ಸೀರೆಯ ಚೂರು ಸುತ್ತಿಕೊಂಡಿದ್ದಳು. "ಮೈ ಕಾಯ್ದು ಕೆಂಡ ಆಗೈತಿ. ನೀನ ಒಮ್ಮೆ ನೋಡಿಬಿಡು, ಡಾಕ್ಟರು ಗೀಕ್ಟರು ನಂಗ ಬ್ಯಾಡ," ಎಂದಿದ್ದಳು. ಅವನು ನೋಡುತ್ತಾನೆಂದು ಅವಳಿಗೆ ಅಷ್ಟು ನಂಬಿಕೆ.

ನೋಡಿರಲಿಲ್ಲ. ರಕ್ತ ಮಿಶಿನ್ನಿಗೆ ಕೊಟ್ಟಿದ್ದ. ಮಿಶಿನ್ನು ಗುಟುಕರಿಸಿ, ಗರಗರ ತಿರುಗಿ, ಅರ್ಧ ನಿಮಿಷದಲ್ಲಿ ಲೆಕ್ಕ ಒಪ್ಪಿಸಿತ್ತು: ಬಿಳಿ ರಕ್ತಕಣ ಏಳು ಸಾವಿರದ ಇನ್ನೂರು. ನಾಲ್ಕರಿಂದ ಹನ್ನೊಂದು ಸಾವಿರದ ನಡುವೆ ಎಷ್ಟಿದ್ದರೂ ಸರಿ, ಹಾಗಾಗಿ ಸರಿ. ಆದರೆ ಅದರ ಕೆಳಗಿನ ಸಾಲಿನಲ್ಲಿ, ಕ್ರಿಮಿಯ ಮೇಲೆ ಮೊದಲು ಬೀಳುವ ನ್ಯೂಟ್ರೋಫಿಲ್ ಎಂಬ ಕಣಗಳ ಅಂಕಿಯ ಪಕ್ಕಕ್ಕೆ, ಒಂದು ಚುಕ್ಕಿ ಬಂದಿತ್ತು. ಮಿಶಿನ್ನು ಚುಕ್ಕಿ ಹಾಕಿತೆಂದರೆ ಅರ್ಥ ಇಷ್ಟೇ: ನನಗೆ ಗುರುತು ಸಿಗದಂಥ ಕಣಗಳು ಕಂಡಿವೆ, ನೀನು ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಬಳಿದು, ಸೂಕ್ಷ್ಮದರ್ಶಕದಲ್ಲಿ ಕಣ್ಣಿಂದ ನೋಡು. ಪಂಪಾಪತಿ ಗಾಜಿನ ಮೇಲೆ ಬಳಿದ. ಬಣ್ಣವನ್ನೂ ಹಾಕಿದ. ನಲವತ್ತೊಂದು ಎಂದು ನಂಬರು ಬರೆದು ಡಬ್ಬಿಯಲ್ಲಿಟ್ಟ. ಅಷ್ಟರಲ್ಲಿ ಮನೆಯಿಂದ ಹೆಂಡತಿ ಅನುಸೂಯಾಳ ಫೋನು: ಮಗಳ ಸಾಲಿ ಬ್ಯಾಗಿನ ಜಿಪ್ಪು ಹೋಗಿದೆ, ಹೊಲಿಯುವವನು ಏಳಕ್ಕೆ ಅಂಗಡಿ ಮುಚ್ಚುತ್ತಾನೆ. ಒಂದು ಜಿಪ್ಪು! ಕಂಪ್ಯೂಟರಿನಲ್ಲಿ ಚುಕ್ಕಿಯ ಮೇಲೆ ಬೆರಳಿಟ್ಟು ಅಳಿಸಿ, ಕಾಗದ ತೆಗೆದು, ಕೆಳಗೆ ಸಹಿ ಹಾಕಿ, "ಏನೂ ಇಲ್ಲ ಬಿಡಬೇ ಯಕ್ಕ. ನಾರ್ಮಲ್ ಐತಿ. ಒಂದು ಗುಳಗಿ ತಗೊಂಡು ಮಲಕೋ," ಎಂದಿದ್ದ. ಅವಳು ಎದ್ದವಳು ಬಾಗಿಲಲ್ಲಿ ನಿಂತು, "ಕಂಕುಳಾಗ ಒಂದು ಗಂಟಾಗೈತಿ ನೋಡು, ನಿಂಬಿಕಾಯಷ್ಟು," ಎಂದು ಸೆರಗು ಸರಿಸಲು ಹೋಗಿ ನಾಚಿಕೊಂಡಿದ್ದಳು. "ಇಳದು ಹೊಕ್ಕೈತಿ ತಗೋ," ಎಂದಿದ್ದ ಅವನು, ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ, ಅವಳ ಕಡೆ ತಿರುಗಿ ಕೂಡ ನೋಡದೆ.

ಚುಕ್ಕಿ ಅಳಿಸುವುದು ಆ ಲ್ಯಾಬಿನ ಪದ್ಧತಿ. ಮೊದಲು ಹಾಗಿರಲಿಲ್ಲ. ಎರಡು ವರ್ಷದ ಕೆಳಗೆ ಯಲಬುರ್ಗಾ ಕಡೆಯ ಕಳಕಪ್ಪ ಎಂಬ ದೊಡ್ಡ ಮೀಸೆಯ ರೈತ ರಿಪೋರ್ಟನ್ನು ಸುರುಳಿ ಸುತ್ತಿ ಹಿಡಿದುಕೊಂಡು ಒಳನುಗ್ಗಿ, "ನನ್ನ ಮಗಳ ಹೆಸರಿನ ಕೆಳಗ ಚುಕ್ಕಿ ಯಾಕ ಹಾಕೀರಿ? ಲಗ್ನ ಗೊತ್ತಾಗೇತಿ, ಬೀಗರು ಈ ಕಾಗದ ನೋಡಿ ಹುಡಿಗ್ಯಾಗ ಐಬು ಐತಿ ಅನ್ನಾಕತ್ತಾರ," ಎಂದು ಕೂಗಾಡಿದ್ದ. ಹುಡುಗಿಗೆ ಬರೀ ನೆಗಡಿ. ಕುರ್ಚಿಯೊಂದು ಮುರಿದು, ಗಲ್ಲಿ ಪೂರ್ತಿ ಕೂಡಿತ್ತು. ಅವತ್ತಿನಿಂದ ಮಾಲೀಕ ಪ್ರಭುರಾಜ ಅಪ್ಪಣೆ ಕೊಟ್ಟಿದ್ದ: ಚುಕ್ಕಿ ಬಂದರೆ ಒಳಗೆ ನೀನು ನೋಡಿಕೋ, ಹೊರಗೆ ಹೋಗುವ ಕಾಗದದಲ್ಲಿ ಬೇಡ, ಜನ ಹೆದರುತ್ತಾರೆ. ಒಳಗೆ ನೀನು ನೋಡಿಕೋ ಎಂಬುದು ಮೊದಲ ತಿಂಗಳು ನಡೆಯಿತು. ಆಮೇಲೆ ಗಾಜು ಬಳಿಯುವುದು ಉಳಿಯಿತು, ನೋಡುವುದು ಹೋಯಿತು. ಎಷ್ಟು ಚುಕ್ಕಿ ಅಳಿಸಿರಬಹುದು ಎಂಬ ಯೋಚನೆ ಬಂದದ್ದೇ ಪಂಪಾಪತಿಗೆ ಕಾಲಿನ ಕೆಳಗಿನ ಒರೆಸದ ನೆಲ ಅಂಟು ಅಂಟಾಗಿ ಹತ್ತಿದಂತಾಯಿತು. ಅವನ ಊರು ಹನುಮಸಾಗರದಲ್ಲಿ ಭಾನುವಾರ ಹೋದರೆ ಸಾಕು, ಜನ ಕಟ್ಟೆಯ ಮೇಲೆ ಕೂಡಿಸಿಕೊಂಡು ಮಡಿಕೆ ಬಿದ್ದ ರಿಪೋರ್ಟು ಬಿಚ್ಚಿ, "ಇದೇನಂತ ಹೇಳ್ರಿ ಡಾಕ್ಟರ," ಎನ್ನುತ್ತಿದ್ದರು. ಡಾಕ್ಟರನಲ್ಲ ಎಂದು ಅವನು ಒಮ್ಮೆಯೂ ತಿದ್ದಿರಲಿಲ್ಲ. ಕನ್ನಡಕ ಏರಿಸಿ, ಕೆಳತುಟಿ ಮುಂದೆ ಚಾಚಿ, "ಹ್ಞೂಂ, ಪರವಾಗಿಲ್ಲ," ಎನ್ನುತ್ತಿದ್ದ. ಆ ಹ್ಞೂಂಕಾರ ಈಗ ತನ್ನದೇ ಕಿವಿಯಲ್ಲಿ ಕೇಳಿಸಿ ಅಸಹ್ಯವಾಯಿತು.

ಮೂವರೂ ರಕ್ತ ಕೊಟ್ಟು ಮಿರ್ಚಿಯ ಕಡೆ ಓಡಿದರು. ಲ್ಯಾಬು ಖಾಲಿಯಾಯಿತು. ಮೂಲೆಯಲ್ಲಿ ಬ್ಲೀಚಿಂಗ್ ಪುಡಿ ಕಲಸುವ ನೀಲಿ ಬಕೆಟ್ಟು ಒಣಗಿ ನಿಂತಿತ್ತು. ಶನಿವಾರ ಗಾಜು ತೊಳೆಯುವ ದಿನ. ವಾರದ ಗಾಜುಗಳನ್ನೆಲ್ಲ ಕನಕಮ್ಮ ಆ ಬಕೆಟ್ಟಿನಲ್ಲಿ ನೆನೆಹಾಕಿ, ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು, ಕಲೆ ಉಳಿದಿದ್ದರೆ ಮತ್ತೆ ತಿಕ್ಕಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಒಣಹಾಕುತ್ತಿದ್ದಳು. ಅವಳು ಬಂದಿದ್ದರೆ ಇಷ್ಟು ಹೊತ್ತಿಗೆ ನಲವತ್ತೊಂದನೆಯ ಗಾಜು ತೊಳೆದುಹೋಗಿರುತ್ತಿತ್ತು, ತನ್ನ ರಕ್ತವನ್ನು ತಾನೇ ತಿಕ್ಕಿ ತೆಗೆದಿರುತ್ತಿದ್ದಳು. ಜ್ವರದಿಂದ ಮಲಗಿದ್ದರಿಂದ ಗಾಜು ಉಳಿದಿದೆ. ಹೋದ ಶನಿವಾರ ಇದೇ ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದವಳು "ಅಯ್ಯಯ್ಯ" ಎಂದು ಅಂಗೈ ಹಿಡಿದುಕೊಂಡು ಎದ್ದಿದ್ದಳು. ಒಡೆದ ಗಾಜಿಗೆಂದೇ ಬೇರೆ ಡಬ್ಬಿ ಇದೆ, ಮುಚ್ಚಳವಿದೆ. ಅವತ್ತು ಡಬ್ಬಿ ತುಂಬಿತ್ತು, ಬದಲಾಯಿಸಲು ಬೇಸರವಾಗಿ, ಒಡೆದದ್ದೊಂದನ್ನು ಪಂಪಾಪತಿಯೇ ಬಕೆಟ್ಟಿಗೆ ಎಸೆದಿದ್ದ. "ಯಾರೋ ಒಡದದ್ದು ಹಾಕ್ಯಾರ ನೋಡು," ಎಂದಿದ್ದಳು ಅವಳು, ಹೆಬ್ಬೆರಳ ಬುಡ ಒತ್ತಿಕೊಂಡು. "ಯಾರಿದ್ದಾರು?" ಎಂದಿದ್ದ ಅವನು. ಅಯೋಡಿನ್ ಹಚ್ಚಿ ಪಟ್ಟಿ ಕಟ್ಟಿದ್ದೂ ಅವನೇ. ಮರುದಿನ ಭಾನುವಾರ ಅವಳು ಆ ಪಟ್ಟಿಯ ಕೈಯನ್ನೇ ಕೆಸರಿಗೆ ಇಳಿಸಿ ಕಾಲುವೆ ಕೆಳಗಿನ ಗದ್ದೆಯಲ್ಲಿ ದಿನವಿಡೀ ಭತ್ತದ ಸಸಿ ನಾಟಿ ಮಾಡಿದಳು. ನಾಟಿಯ ಹಂಗಾಮಿನಲ್ಲಿ ಯಾರು ಮನೆಯಲ್ಲಿ ಕೂರುತ್ತಾರೆ?

ಪಂಪಾಪತಿ ಡಬ್ಬಿಯಿಂದ ನಲವತ್ತೊಂದನ್ನು ತೆಗೆದ. ಸೂಕ್ಷ್ಮದರ್ಶಕದ ಕೆಳಗೆ ಸೇರಿಸಿ, ಒಂದು ಹನಿ ಎಣ್ಣೆ ಬಿಟ್ಟು, ಮಸೂರ ಇಳಿಸಿದ. ಕಣ್ಣಿಡುವ ಮೊದಲು ಒಮ್ಮೆ ಬಾಗಿಲ ಕಡೆ ನೋಡಿದ, ಕಳ್ಳತನ ಮಾಡುವವನಂತೆ. ಮೊದಲು ಮಂಜು, ಆಮೇಲೆ ಕೆಂಪು ಕಣಗಳ ಗುಂಪು, ಅವುಗಳ ನಡುವೆ ನೇರಳೆ. ಒಂದು ಸಿಕ್ಕಿತು. ಇನ್ನೊಂದು. ಬಲಿತ ನ್ಯೂಟ್ರೋಫಿಲ್ಲಿನ ಒಳಗಿನ ಬೀಜ ಮೂರು ನಾಲ್ಕು ತುಂಡಾಗಿ ಸಣ್ಣ ದಾರದಲ್ಲಿ ಕೂಡಿಕೊಂಡಿರಬೇಕು. ಇಲ್ಲಿಯದು ತುಂಡಾಗಿರಲಿಲ್ಲ, ಕುಡುಗೋಲಿನ ಹಾಗೆ ಒಂದೇ ಬಾಗು. ಎಳೆಯದು. ಪಕ್ಕದ್ದೂ ಎಳೆಯದು. ಅವನು ಎಣಿಸುವ ಯಂತ್ರಕ್ಕೆ ಬೆರಳು ಹಾಕಿದ, ಟಿಕ್, ಟಿಕ್. ಕೊಪ್ಪಳದಲ್ಲಿ ಕೋರ್ಸು ಮಾಡುವಾಗ ಪಾಠ ಹೇಳುತ್ತಿದ್ದ ವಾಣಿಶ್ರೀ ಮೇಡಂ ಸೀಮೆಸುಣ್ಣದ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಅನ್ನುತ್ತಿದ್ದರು, "ಇವು ಎಲುವಿನ ಒಳಗ ತಯಾರಾಗ್ತಾವ್ರಿ. ಬಲತ ಮ್ಯಾಲನ ಹೊರಗ ಬಿಡೂದು ವಾಡಿಕಿ. ಆದ್ರ ಒಳಗ ಬಡದಾಟ ಜೋರಾಗಿ ಬಲತವು ಮುಗದು ಹೋದ್ವು ಅಂದ್ರ, ದೇಹ ಏನ ಮಾಡಬೇಕು? ಮೀಸಿ ಮೂಡದವರನ್ನೂ ಕಳಸ್ತೈತಿ." ಕ್ಲಾಸು ನಕ್ಕಿತ್ತು. ಟಿಕ್. ಕಣದೊಳಗೆ ಕಪ್ಪು ಕಾಳುಗಳು, ಒಗ್ಗರಣೆಯಲ್ಲಿ ಸೀದ ಸಾಸಿವೆಯ ಹಾಗೆ. ಟಿಕ್. ಒಂದರಲ್ಲಿ ತೂತುಗಳು. ಒಂದರ ಹೊಟ್ಟೆಯಲ್ಲಿ ಎರಡು ಗುಂಡು ಚುಕ್ಕಿಗಳು ಜೋಡಿಯಾಗಿ ಕೂತಿದ್ದವು. ಬಣ್ಣದ ಕಸವೋ ಎಂದು ಮಸೂರವನ್ನು ಮೇಲೆ ಕೆಳಗೆ ಆಡಿಸಿದ. ಕಸವಾದರೆ ಕಣದ ಮೇಲೆ ತೇಲಬೇಕಿತ್ತು. ತೇಲಲಿಲ್ಲ, ಕಣದ ಒಳಗೇ ಇದ್ದವು. ಕಣ ಅವನ್ನು ಹಿಡಿದು ನುಂಗಿತ್ತು. ನುಂಗಿ ಇನ್ನೂ ಅರಗಿಸಿಕೊಂಡಿರಲಿಲ್ಲ.

ಕಣಕ್ಕೆ ಕಣ್ಣಿಲ್ಲ ಎಂಬುದೇ ಅವನಿಗೆ ಆ ಕೋರ್ಸಿನಲ್ಲಿ ಅತ್ಯಂತ ಆಶ್ಚರ್ಯವಾಗಿದ್ದ ಸಂಗತಿ. "ಕಣ್ಣಿಲ್ಲ, ಮೂಗಿಲ್ಲ. ಮೈಯೆಲ್ಲಾ ಕೈ ಅಂತ ತಿಳಕೊಳ್ರಿ," ಎಂದಿದ್ದರು ಮೇಡಂ. ಮುಟ್ಟಿ ನೋಡುತ್ತದೆ. ನಮ್ಮ ಮೈಯ ಯಾವ ಕಣದ ಮೇಲೂ ಇಲ್ಲದ ಒಂದು ತರದ ಹೊದಿಕೆ ಕ್ರಿಮಿಯ ಮೇಲಿರುತ್ತದೆ, ಅದಕ್ಕೆ ಕೈ ತಾಕಿತೋ, ಇದು ನಮ್ಮದಲ್ಲ ಎಂದು ಗೊತ್ತಾಗುತ್ತದೆ. ಗಾಯವಾದ ಕಡೆ ಚರ್ಮದ ಕೆಳಗೇ ಕಾವಲು ಕೂತ ದೊಡ್ಡ ಕಣಗಳು ಮೊದಲು ಮುಟ್ಟುತ್ತವೆ. ಅವು ಸುದ್ದಿ ಬಿಡುತ್ತವೆ. ಸುದ್ದಿ ತಾಗಿದ ರಕ್ತನಾಳದ ಗೋಡೆ ಅಷ್ಟಗಲ ಒರಟಾಗುತ್ತದೆ. ರಕ್ತದಲ್ಲಿ ಹರಿದು ಹೋಗುತ್ತಿದ್ದ ನ್ಯೂಟ್ರೋಫಿಲ್ಲುಗಳು ಆ ಒರಟಿಗೆ ತಡೆದು, ಉರುಳಿ, ನಿಂತು, ಗೋಡೆಯ ಸಂದಿಯಲ್ಲಿ ಮೈ ತೂರಿಸಿ ಹೊರಬಿದ್ದು ಗಾಯದ ಕಡೆ ನಡೆಯುತ್ತವೆ. ನುಂಗುತ್ತವೆ, ನುಂಗಿ ಸಾಯುತ್ತವೆ, ಸತ್ತದ್ದೇ ಕೀವು. ಇನ್ನೊಂದು ಜಾತಿಯ ಕಣ ಹಿಡಿದ ಕ್ರಿಮಿಯ ಚೂರನ್ನು ಹೊತ್ತುಕೊಂಡು ಕಂಕುಳಿನ ಗಂಟಿಗೆ ಹೋಗಿ, ಅಲ್ಲಿ ಕೂತ ಲಿಂಫೋಸೈಟು ಎಂಬ ಲಕ್ಷಾಂತರ ಬಿಳಿ ಕಣಗಳಿಗೆ ಒಂದೊಂದಕ್ಕೂ ತೋರಿಸುತ್ತದಂತೆ, ಇದರ ಗುರುತು ನಿನಗಿದೆಯಾ, ನಿನಗಿದೆಯಾ ಎಂದು. ಯಾವುದೋ ಒಂದಕ್ಕೆ ಗುರುತು ಹತ್ತುತ್ತದೆ. ಆ ಒಂದೇ ಸಾವಿರವಾಗುತ್ತದೆ. "ಕಂಕುಳಾಗ ಗಂಟು ಆತಂದ್ರ ಅಲ್ಲಿ ಪಂಚಾಯ್ತಿ ಕೂಡೈತಿ ಅಂತ ಅರ್ಥ. ಪೇಶಂಟ್ ಗಂಟು ತೋರಿಸಿದ್ರ ನೋಡ್ರಪ್ಪ, ಅಸಡ್ಡಿ ಮಾಡಬ್ಯಾಡ್ರಿ." ನಿಂಬಿಕಾಯಷ್ಟು. ಸೆರಗು ಸರಿಸಲು ಹೋಗಿ ನಾಚಿಕೊಂಡಿದ್ದಳು. ಇಳದು ಹೊಕ್ಕೈತಿ ತಗೋ. ಕಣ್ಣಿಲ್ಲದವು ಒಂದು ವಾರ ಹಗಲೂ ರಾತ್ರಿ ಮುಟ್ಟಿ ತಡಕಿ ಸಾಯುತ್ತಿದ್ದವು, ಮತ್ತು ಎರಡು ಕಣ್ಣು, ಕನ್ನಡಕ, ಸಾವಿರ ಪಟ್ಟು ದೊಡ್ಡದು ಮಾಡುವ ಮಸೂರ ಇಟ್ಟುಕೊಂಡ ತಾನು ಜಿಪ್ಪು ಹೊಲಿಸಲು ಹೋಗಿದ್ದ. ಥೂ.

ನೂರು ಕಣ ಎಣಿಸಿ ಮುಗಿದಾಗ ಎಳೆಯವು ಮೂವತ್ತೆಂಟಾಗಿದ್ದವು. ಹತ್ತು ದಾಟಿದರೇ ಗಾಬರಿಪಡಬೇಕು. ಏಳು ಸಾವಿರದ ಇನ್ನೂರು ಎಂಬ ಒಟ್ಟು ಲೆಕ್ಕ ಸುಳ್ಳಾಗಿರಲಿಲ್ಲ. ಬಲಿತವು ಕೈಯ ಗಾಯಕ್ಕೆ ಹೋಗಿ ಸತ್ತಷ್ಟೂ ಎಳೆಯವು ಬಂದು ಸಂಖ್ಯೆ ತುಂಬಿದ್ದವು, ಅಷ್ಟೇ. ಅದೂ ಬುಧವಾರದ ಮಾತು. ಇವತ್ತು ಶನಿವಾರ.

ಪ್ರಭುರಾಜ ಒಳಗೆ ಬಂದ. ಪಂಪಾಪತಿಗಿಂತ ಎಂಟು ವರ್ಷಕ್ಕೆ ಚಿಕ್ಕವನು, ತಂದೆಯ ಕಾಳಿನ ಅಂಗಡಿ ಬಿಟ್ಟು ಲ್ಯಾಬು ತೆಗೆದವನು. ದಿನದಂತೆ ಊದುಬತ್ತಿ ಹಚ್ಚಿ ಗೋಡೆಯ ದೇವರಿಗೆ ಬೆಳಗಿ, ಅಲ್ಲಿಂದ ರಕ್ತದ ಮಿಶಿನ್ನಿಗೂ ಮೂರು ಸುತ್ತು ಬೆಳಗಿ, ಅದರ ವಿಭೂತಿ ಪಟ್ಟೆಯ ಮೇಲಿನ ಧೂಳನ್ನು ಕರ್ಚೀಫಿನಿಂದ ಒರೆಸಿದ.

"ಏನೋ ಪಂಪಾ, ಕನಕಮ್ಮ ಇವತ್ತೂ ಬಂದಿಲ್ಲೇನು? ಗಾಜು ಯಾರು ತೊಳೀಬೇಕು?"

"ಆಕಿಗೆ ಆರಾಮಿಲ್ಲ. ಬುಧವಾರ ನಾನ ಪರೀಕ್ಷಾ ಮಾಡಿದ್ದೆ. ಚುಕ್ಕಿ ಬಂದಿತ್ತು. ಅಳಿಸಿ ಕೊಟ್ಟೀನಿ."

"ದಿನಾ ಅಳಸ್ತಿ. ಅದಕ್ಕೇನೀಗ?"

"ಈಗ ಗಾಜು ನೋಡಿದೆ. ರಗತಕ್ಕ ನಂಜು ಏರೈತ್ರಿ."

ಪ್ರಭುರಾಜ ಊದುಬತ್ತಿಯನ್ನು ಸಿಕ್ಕಿಸಿ, ಬಾಗಿಲು ಮುಂದೆ ಮಾಡಿ ಬಂದ. ಅವನ ದನಿ ಇಳಿಯಿತು. "ನೋಡು, ಗಾಬರಿ ಆಗಬ್ಯಾಡ. ಫೋನ್ ಮಾಡು, ಯಾವದಕ್ಕೂ ದೊಡ್ಡ ದವಾಖಾನಿಗೆ ತೋರಸ್ರಿ ಅನ್ನು. ಅಷ್ಟ ಸಾಕು. ಮೊದಲ ಹಿಂಗಿತ್ತು, ಹಂಗಿತ್ತು ಅಂತ ಹೇಳಾಕ ಹೋಗಬ್ಯಾಡ. ಕಾಗದದ ಮ್ಯಾಲ ಸಹಿ ನಿಂದು, ಹೆಸರು ಲ್ಯಾಬಿಂದು. ನಾಳೆ ಆಕಿಗೇನರ ಆತಂದ್ರ ಇಬ್ಬರೂ ಹೋದ್ವಿ." ಸೂಕ್ಷ್ಮದರ್ಶಕದ ಕಡೆ ಗದ್ದ ಚಾಚಿ, "ಅದನ್ನ ಬ್ಲೀಚಿನ್ಯಾಗ ಹಾಕು," ಎಂದ. ಆಮೇಲೆ, "ನಾ ಕೆಟ್ಟವಲ್ಲೋ ಪಂಪಾ. ನಂಗೂ ಆಕಿ ಬೇಕಾದಾಕಿನ," ಎಂದ. ಅದು ನಿಜವೇ ಇತ್ತು. ಹಬ್ಬಕ್ಕೆ ಅವಳಿಗೆ ಸೀರೆ ಕೊಡುತ್ತಿದ್ದ, ಅವಳ ಮಗಳನ್ನು ಸಾಲಿಗೆ ಸೇರಿಸಲು ತಾನೇ ಓಡಾಡಿದ್ದ. ಪಂಪಾಪತಿಗೆ ಅವನ ಮಾತು ತಪ್ಪೆಂದೂ ಅನ್ನಿಸಲಿಲ್ಲ, ಒಂದು ಕ್ಷಣ ಹಾಯೆನಿಸಿತು. ಫೋನು ಮಾಡಿದರೆ ಸಾಕು. ಗಾಜನ್ನು ತೆಗೆದು ಬಕೆಟ್ಟಿನ ಹತ್ತಿರ ಹೋದ. ನೀರು ಬಿಟ್ಟ, ಪುಡಿ ಹಾಕಿದ, ಕಣ್ಣಿಗೆ ಖಾರ ಹತ್ತಿತು. ಬೆರಳ ತುದಿಯಲ್ಲಿ ಗಾಜು. ಅದರ ಮೇಲೆ ತನ್ನದೇ ಅಕ್ಷರದ ನಲವತ್ತೊಂದು. ಬಿಟ್ಟರೆ ಎರಡು ನಿಮಿಷದಲ್ಲಿ ಬಿಳಿಚಿ ಹೋಗುತ್ತದೆ. ಬೆರಳು ಸಡಿಲಾಗಲಿಲ್ಲ. ಯಾಕೆಂದು ಅವನಿಗೂ ಗೊತ್ತಾಗಲಿಲ್ಲ, ಬಹುಶಃ ಆ ಎರಡು ಗುಂಡು ಚುಕ್ಕಿ ನುಂಗಿಕೊಂಡು ಕೂತ ಕಣ ಅದರಲ್ಲಿದೆ ಎಂಬುದು ನೆನಪಾಗಿ. ಗಾಜನ್ನು ಹಾಳೆಯಲ್ಲಿ ಸುತ್ತಿ ಅಂಗಿಯ ಜೇಬಿಗೆ ಇಳಿಸಿ, "ಹೋಗಿ ಬರ್ತೀನ್ರಿ," ಎಂದು ಬೈಕಿನ ಕೀಲಿ ತೆಗೆದುಕೊಂಡ. ಪ್ರಭುರಾಜ ಹಿಂದಿನಿಂದ "ಪಂಪಾಪತಿ!" ಎಂದು ಕೂಗಿದ. ಪೂರ್ತಿ ಹೆಸರಿನಿಂದ ಅವನು ಕರೆದದ್ದು ಅದೇ ಮೊದಲು.

ಕಾಲುವೆ ದಂಡೆಯ ದಾರಿಯಲ್ಲಿ ಎರಡೂ ಕಡೆ ನೀರು ನಿಲ್ಲಿಸಿದ ಗದ್ದೆಗಳು. ಸಾಲಾಗಿ ಬಗ್ಗಿದ ಹೆಂಗಸರು ಹಿಂದೆ ಹಿಂದೆ ಸರಿಯುತ್ತ ಸಸಿ ಚುಚ್ಚುತ್ತಿದ್ದರು. ಏನು ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ. ರಿಪೋರ್ಟು ಹಳೆಯದಾಯಿತು, ಇನ್ನೊಮ್ಮೆ ತೋರಿಸೋಣ. ಹೌದು, ಅದು ಸುಳ್ಳಲ್ಲ. ಇಂಥ ಜ್ವರ ಒಮ್ಮೊಮ್ಮೆ ತಡವಾಗಿ ಕಾಣುತ್ತದೆ. ಅದು ಅರ್ಧ ಸುಳ್ಳು. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪಿನ ಆಚೆಯ ತಗಡಿನ ಸಾಲು ಮನೆಗಳ ಮುಂದೆ ಬೈಕು ನಿಲ್ಲಿಸಿದಾಗ ಕನಕಮ್ಮನ ಗಂಡ ಓಬಳೆಪ್ಪ ಬಾಗಿಲಲ್ಲಿ ಕೂತು ಬೀಡಿ ಸೇದುತ್ತಿದ್ದ. ಅಕ್ಕಿ ಗಿರಣಿಯ ಹಮಾಲ, ಭುಜದ ಮೇಲೆ ಚೀಲದ ಗುರುತು.

"ಬರ್ರಿ ಬರ್ರಿ, ನೀವ ಖುದ್ದು ಬಂದ್ರೇನು! ನೋಡ್ರಿ ನಿಮ್ಮ ಕನಕಮ್ಮನ ನಾಟಕ. ಕಾಗದದಾಗ ಏನೂ ಇಲ್ಲ ಅಂತ ಐತಿ, ಈಕಿ ಏಳವಲ್ಲಳು. ನಾಟಿ ಗುಂಪಿನವರು ಮೂರು ದಿನದಿಂದ ನನಗ ಬೈಯ್ಯಾಕತ್ತಾರ." ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು.

ಒಳಗೆ ಕೌದಿಯ ಮೇಲೆ ಕನಕಮ್ಮ ಮಲಗಿದ್ದಳು. ತಲೆದೆಸೆಯಲ್ಲಿ ನೇತ್ರಾವತಿ ಒದ್ದೆ ಬಟ್ಟೆ ಹಿಡಿದು ಕೂತಿದ್ದಳು. ರಿಪೋರ್ಟು ಪ್ಲಾಸ್ಟಿಕ್ ಕವರಿನಲ್ಲಿ ಗೋಡೆಯ ಮೊಳೆಗೆ ತೂಗುಹಾಕಿತ್ತು, ಯಾರು ಬಂದರೂ ಕಾಣುವ ಹಾಗೆ. ಕನಕಮ್ಮನ ಉಸಿರು ಓಡಿ ಬಂದವಳ ಉಸಿರಿನಂತಿತ್ತು. ಬಲಗೈಯಿಂದ ಒಂದು ಕೆಂಪು ಗೆರೆ ಮೊಣಕೈ ದಾಟಿ ರವಿಕೆಯ ತೋಳಿನೊಳಗೆ ಹೋಗಿತ್ತು. ಗೆರೆ ಎಲ್ಲಿಗೆ ಹೋಗುತ್ತದೆಂದು ಪಂಪಾಪತಿಗೆ ಗೊತ್ತಿತ್ತು, ಕಂಕುಳಿನ ಗಂಟಿಗೆ.

"ಯಕ್ಕ, ರಿಪೋರ್ಟ್ ಹಳೇದಾತು. ನಡಿ, ದವಾಖಾನಿಗೆ ಹೋಗಿ ಇನ್ನೊಮ್ಮೆ ತೋರಸೂಣು."

ಕಣ್ಣು ಬಿಟ್ಟಳು. ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. "ಪಂಪಣ್ಣ ಬಂದ್ಯಾ? ಇವರು ಕರಸ್ಯಾರೇನು ನಿನ್ನ? ಏನೂ ಇಲ್ಲ ಅಂದಿದ್ದೆಲ್ಲಪ್ಪ ನೀನು. ನಂಗ ಏನೂ ಇಲ್ಲ. ಬರೇ ಮನಸಿಂದು. ಮಿಶಿನ್ನು ಸುಳ್ಳು ಹೇಳತೈತೇನು? ನಾಳೆ ಏಳತೀನಿ, ಗಾಜು ತೊಳ್ಯಾಕ ಬರ್ತೀನಿ." ನಾಲಿಗೆ ತೊದಲುತ್ತಿತ್ತು. "ನನ್ನ ಮೈಗೆ ಸೊಕ್ಕು ಬಂದೈತಿ. ಇಂವ ಅಂದದ್ದ ಖರೇ."

"ಹಂಗಲ್ಲ ಯಕ್ಕ, ಒಮ್ಮೊಮ್ಮೆ ತಡಾ ಆಗಿ..."

"ಒಲ್ಲೆ ಅಂದ್ನೆಲ್ಲ." ಗೋಡೆಯ ಕಡೆ ಮುಖ ತಿರುಗಿಸಿದಳು.

ಜೋಡಿಸಿ ತಂದ ಮಾತು ಅಲ್ಲಿಗೆ ಮುಗಿಯಿತು. ಬಾಗಿಲಲ್ಲಿ ಪಕ್ಕದ ಮನೆಯ ಇಬ್ಬರು ಹೆಂಗಸರು ಬಂದು ನಿಂತಿದ್ದರು. ಓಬಳೆಪ್ಪ ಬೀಡಿ ಹಿಡಿದೇ ಒಳಗೆ ಬಗ್ಗಿ ನೋಡುತ್ತಿದ್ದ. ಅವರೆಲ್ಲರ ಮುಂದೆ ಇದನ್ನು ಹೇಳಬೇಕು, ಹೇಳದಿದ್ದರೆ ಇವಳು ಈ ಕೌದಿಯ ಮೇಲೆಯೇ ನನ್ನ ಮಾತನ್ನು ನಂಬಿ ಸಾಯುತ್ತಾಳೆ. ಪಂಪಾಪತಿ ನೆಲದ ಮೇಲೆ ಕೂತ.

"ನಾ ನೋಡಿದ್ದಿಲ್ಲ ಯಕ್ಕ."

"ಹಾಂ?"

"ನಿನ್ನ ರಗತ ನಾ ನೋಡಿದ್ದಿಲ್ಲ. ನೋಡದನ ಏನೂ ಇಲ್ಲಂದೆ. ಕಣ್ಣಿಂದ ನೋಡು ಅಂತ ಮಿಶಿನ್ನು ಹೇಳಿತ್ತು. ನಾ ಅದನ್ನ ಅಳಿಸಿ ಕಾಗದ ಕೊಟ್ಟೆ. ಇವತ್ತು ಮುಂಜಾನೆ ನೋಡೀನಿ. ನಿನ್ನ ಮೈಯಾಗ ನಂಜು ಏರೈತಿ. ಮಿಶಿನ್ನು ಸುಳ್ಳು ಹೇಳಿಲ್ಲ, ನಾ ಹೇಳೀನಿ." ಒಮ್ಮೆ ಬಾಯಿ ಬಿಟ್ಟ ಮೇಲೆ ತಡೆಯಲಾಗಲಿಲ್ಲ. "ಬಕೆಟ್ಟಿನ್ಯಾಗ ಒಡದ ಗಾಜು ಹಾಕಿದಾಂವಾನೂ ನಾನ."

ನೇತ್ರಾವತಿಯ ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಈಗ ಬೈಯುತ್ತಾಳೆ, ಉಗುಳುತ್ತಾಳೆ, ಓಬಳೆಪ್ಪ ಎದ್ದು ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಪಂಪಾಪತಿ ಕಾದ. ಹಾಗಾದರೂ ಆಗಲಿ ಎಂದು ಆಸೆಪಟ್ಟ. ಕನಕಮ್ಮ ನಿಧಾನವಾಗಿ ಮುಖ ಈಚೆ ತಿರುಗಿಸಿ ಅವನನ್ನೇ ನೋಡಿದಳು.

"ಅಂದ್ರ... ನಂಗ ಖರೇನ ಜಡ್ಡು ಐತಿ?"

"ಐತಿ."

"ಖರೇನ?"

"ಖರೇನ ಐತಿ ಯಕ್ಕ. ಭಾಳ ಐತಿ."

ಅವಳ ಹಣೆಯ ಗಂಟು ಸಡಿಲಾಯಿತು. ಕಣ್ಣಲ್ಲಿ ನೀರು ತುಂಬಿ ಕಿವಿಯ ಕಡೆ ಇಳಿಯಿತು. ಗಂಡನ ಕಡೆ ನೋಡಿ, "ಕೇಳಿದೇನು? ಖರೇನ ಐತಂತ. ನಾಟಕ ಅಲ್ಲಂತ," ಎಂದಳು. ಅದರಲ್ಲಿ ಗೆದ್ದವಳ ಸಂತೋಷವಿತ್ತು. ಮೂರು ದಿನ ಸುಡುವ ಮೈಯೊಳಗೆ ಬಿದ್ದುಕೊಂಡು ಅವಳು ತನ್ನನ್ನೇ ಸುಳ್ಳಿ ಎಂದು ಅಂದುಕೊಂಡಿದ್ದಳು. ಪಂಪಾಪತಿಗೆ ಆ ಸಂತೋಷ ಸಹಿಸಲಾಗಲಿಲ್ಲ. ಕಪಾಳಕ್ಕೆ ಬಾರಿಸಿದ್ದರೆ ಇದಕ್ಕಿಂತ ಸುಲಭವಿತ್ತು. ಓಬಳೆಪ್ಪನ ಬೀಡಿ ಎಲ್ಲೋ ಬಿತ್ತು. ಅವನು ಎದ್ದವನೇ ಚೀಲ ಎತ್ತುವ ತೋಳುಗಳಿಂದ ಹೆಂಡತಿಯನ್ನು ಕೌದಿಯ ಸಮೇತ ಎತ್ತಿಕೊಂಡ.

ಆಟೊದಲ್ಲಿ ಅವಳ ತಲೆ ಮಗಳ ತೊಡೆಯ ಮೇಲಿತ್ತು. ಪಂಪಾಪತಿ ಡ್ರೈವರನ ಪಕ್ಕ ಅರ್ಧ ಹೊರಗೆ ತೂಗಿ ಕೂತಿದ್ದ. ದಾರಿಯಲ್ಲಿ ಅವಳು ಒಂದೇ ಮಾತು ಆಡಿದಳು, ಅವನ ಬೆನ್ನಿಗೆ. "ನಿನ್ನ ಮಾತು ಹಿಡಕೊಂಡು ಈ ಕೂಸಿಗೆ ಮೂರು ದಿನ ಬೈದ್ನೆಲ್ಲೋ." ಗದ್ದೆಯ ಹೆಂಗಸರು ಇನ್ನೂ ಬಗ್ಗಿಯೇ ಇದ್ದರು. ಗುಂಡಿಯಲ್ಲಿ ಆಟೊ ಎತ್ತಿಹಾಕಿದಾಗ ಅವನು ಜೇಬಿನ ಗಾಜನ್ನು ಅಂಗೈಯಿಂದ ಒತ್ತಿ ಹಿಡಿದ.

ಸರ್ಕಾರಿ ದವಾಖಾನೆಯ ತುರ್ತು ಕೋಣೆಯಲ್ಲಿ ನರ್ಸು ಪ್ಲಾಸ್ಟಿಕ್ ಕವರಿನ ಕಾಗದವನ್ನು ಮೊದಲು ನೋಡಿದಳು. "ಇದರಾಗ ಎಲ್ಲಾ ನಾರ್ಮಲ್ ಐತಲ್ರಿ," ಎಂದಳು. ಅಷ್ಟರಲ್ಲಿ ಎಳೆಯ ವಯಸ್ಸಿನ ಡಾಕ್ಟರಮ್ಮ ಬಂದು, ಮೊದಲು ಕೈಯ ಗೆರೆಯನ್ನೂ ಆಮೇಲೆ ಕಾಗದವನ್ನೂ ನೋಡಿ ಹುಬ್ಬು ಗಂಟಿಕ್ಕಿದಳು. ಪಂಪಾಪತಿ ಜೇಬಿನಿಂದ ಗಾಜು ತೆಗೆದು ಮೇಜಿನ ಮೇಲಿಟ್ಟ.

"ಆ ಕಾಗದ ನೋಡಬ್ಯಾಡ್ರಿ ಮೇಡಂ. ಇದು ಅದೇ ದಿನದ ಗಾಜು. ನೂರರಾಗ ಮೂವತ್ತೆಂಟು ಎಳೀವದಾವ. ಒಂದರಾಗ ಕ್ರಿಮಿ ಕಂಡಾವ."

"ಮತ್ತ ನಾರ್ಮಲ್ ಅಂತ ಸಹಿ ಮಾಡಿದವರು ಯಾರು?"

"ನಾನ್ರಿ."

"ನೋಡದ ಬರದ್ರೇನು?"

"ಹೌದ್ರಿ. ನೋಡದ ಬರದೆ." ಎರಡನೆಯ ಸಲ ಹೇಳುವಾಗಲೂ ಅದು ಸುಲಭವಾಗಲಿಲ್ಲ. ಡಾಕ್ಟರಮ್ಮ ಅವನ ಮುಖವನ್ನು ಒಂದು ಕ್ಷಣ ನೋಡಿದಳು. ಬೈಯಲಿಲ್ಲ, ಹೊತ್ತಿರಲಿಲ್ಲ. ನರ್ಸಿಗೆ ಇಂಜೆಕ್ಷನ್ನು, ಸಲಾಯಿನ್ನು, ಕೊಪ್ಪಳಕ್ಕೆ ಕಳಿಸಲು ಆಂಬುಲೆನ್ಸು ಎಂದು ಒಂದೇ ಉಸಿರಿಗೆ ಹೇಳಿ, ಅವನ ಕಡೆ ಪೆನ್ನು ದಬ್ಬಿದಳು. "ಕಂಡದ್ದನ್ನೆಲ್ಲಾ ಆ ಕಾಗದದ ಮ್ಯಾಲನ ಬರೀರಿ. ಸಹಿ ಹಾಕ್ರಿ. ನಿಮ್ಮ ಹೆಸರು ಪೂರ್ತಿ ಬರೀರಿ."

ಅವನು ಗೋಡೆಗೆ ಒರಗಿ, ಕಾಗದವನ್ನು ಅಂಗೈ ಮೇಲಿಟ್ಟುಕೊಂಡು ಬರೆದ. ನ್ಯೂಟ್ರೋಫಿಲ್ಲಿನ ಅಂಕಿಯ ಪಕ್ಕ, ಬುಧವಾರ ಖಾಲಿ ಮಾಡಿದ್ದ ಜಾಗದಲ್ಲಿ, ಚುಕ್ಕಿ ಹಾಕಿದ. ಒತ್ತಿ ಹಾಕಿದ್ದಕ್ಕೆ ಅದು ದೊಡ್ಡದಾಯಿತು. ಬರೆಯುತ್ತಿದ್ದ ಹಾಗೆ ಸ್ಟ್ರೆಚರಿನ ಗಾಲಿ ಅವನ ಪಕ್ಕಕ್ಕೆ ಬಂದು ನಿಂತಿತು. ಕನಕಮ್ಮನ ಎಡಗೈಗೆ ಸಲಾಯಿನ್ನು ಹಾಕಿದ್ದರು. ಹಾಕಿದವರದು ಹಗುರ ಕೈಯಲ್ಲ, ಸೂಜಿಯ ಸುತ್ತ ಆಗಲೇ ನೀಲಿ ಕಟ್ಟಿತ್ತು. ಅವಳು ತುಟಿ ಅಲುಗಿಸುತ್ತಿದ್ದಳು. ಅವನು ಬಗ್ಗಿದ.

"ಶನಿವಾರದ ಗಾಜು ಹಂಗ ಅದಾವೇನು?"

"ಅದಾವು ಯಕ್ಕ."

"ನೀ ಮುಟ್ಟಬ್ಯಾಡ ಅವನ್ನ. ನಾ ಬಂದು ತೊಳೀತೀನಿ." ಉಸಿರು ಸಾಲದೆ ನಿಲ್ಲಿಸಿ, ಮತ್ತೆ ಅಂದಳು. "ನಿಂಗ ನೋಡಿ ಮಾಡೂದು ಬರಂಗಿಲ್ಲ."

"ಹೂನಬೇ," ಎಂದ ಪಂಪಾಪತಿ. ಸ್ಟ್ರೆಚರು ಬಾಗಿಲು ದಾಟಿತು. ಅವನು ಕಾಗದದ ಕೆಳಗೆ ಸಹಿ ಹಾಕಿ, ತನ್ನ ಹೆಸರನ್ನು ಪೂರ್ತಿ ಬರೆದ.